ನೂರ ಹತ್ತೊಂಬತ್ತನೆಯ ಪುಟ

ಕೀಲ್ಪಾಕ್, ಚೆನ್ನೈ
11 ಜೂನ್ 2001

ವಾಸಂತಿ,

ನಿನ್ನ ವಿಳಾಸ ಅವ್ವ ಕೊಟ್ಟಳು. ಮೈಸೂರಿನಲ್ಲಿ ಒಂದು ಮದುವೆಯಲ್ಲಿ ನಿನ್ನ ಅಕ್ಕ ಸಿಕ್ಕಿದ್ದರಂತೆ. ಹದಿನೇಳು ವರ್ಷವಾದ ಮೇಲೆ ಬರೆಯುವ ಮೊದಲ ಕಾಗದದಲ್ಲೇ ಒಂದು ಕೆಲಸ ಕೇಳುವುದು ಸರಿಯಲ್ಲ. ಆದರೂ ಕೇಳುತ್ತಿದ್ದೇನೆ.

ನನ್ನ ಮಗಳು ರಚನಾಗೆ ಹದಿನೈದು ವರ್ಷ. ಆರನೆಯ ವಯಸ್ಸಿನಲ್ಲಿ ಸಂಜೆ ಹೊತ್ತು ಎಡವುತ್ತಿದ್ದಳು. ಹನ್ನೆರಡಕ್ಕೆ ಅಕ್ಷರ ಕಾಣದಾಯಿತು. ಈಗ ಕಿಟಕಿ ಯಾವ ಕಡೆ ಇದೆ ಎನ್ನುವಷ್ಟು ಮಾತ್ರ ತಿಳಿಯುತ್ತದೆ. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಹೀಗಾಯಿತು ಎಂದು ಅವಳಿಗೆ ಹೇಳಿದ್ದೇವೆ. ನಿನಗೆ ಹಾಗೆ ಹೇಳುವ ಅಗತ್ಯವಿಲ್ಲ.

ಅವಳು ಇಲ್ಲಿಯೇ, ಮನೆಯ ಹತ್ತಿರದ ಸಾಮಾನ್ಯ ಶಾಲೆಯಲ್ಲಿ, ಇಂಗ್ಲಿಷ್ ಮಾಧ್ಯಮದಲ್ಲಿ ಹತ್ತನೆಯ ತರಗತಿಗೆ ಬಂದಿದ್ದಾಳೆ. ಶಾಲೆಯವರು ಅವಳನ್ನು ಕಳಿಸಿಬಿಡಲಿಲ್ಲ. ಡೆಸ್ಕಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಳ್ಳಲು ಬಿಟ್ಟಿದ್ದಾರೆ. ಪಾಠ ಅದರಲ್ಲಿ ಸಿಗುತ್ತದೆ, ಪುಸ್ತಕ ಸಿಗುವುದಿಲ್ಲ. ವಿಜ್ಞಾನದ ಪುಸ್ತಕವನ್ನು ಯಾರಾದರೂ ಪೂರ್ತಿ ಓದಿ ಕ್ಯಾಸೆಟ್ಟಿಗೆ ತುಂಬಿಸಿಕೊಡಬೇಕು. ನೀನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೀಯೆ ಎಂದು ತಿಳಿಯಿತು. ನನ್ನ ಇಂಗ್ಲಿಷ್ ಉಚ್ಚಾರಣೆ ನಿನಗೆ ಗೊತ್ತು.

ಮಾವ ಅಂಬತ್ತೂರಿನ ಕಾರ್ಖಾನೆಯಲ್ಲಿ ಎಂಜಿನಿಯರ್. ಹೌದು, ಈಗಲೂ ಅವರನ್ನು ಮಾವ ಎಂದೇ ಕರೆಯುತ್ತೇನೆ. ಅವ್ವನ ತಮ್ಮನಿಂದ ತಾಳಿ ಕಟ್ಟಿಸಿಕೊಂಡ ಮಾತ್ರಕ್ಕೆ ಬಾಯಿಗೆ ಹೊಸ ಹೆಸರು ಬರುವುದಿಲ್ಲ. ಇಲ್ಲಿ ಅಕ್ಕಪಕ್ಕದವರು ಅದರಲ್ಲಿ ವಿಶೇಷವೇನನ್ನೂ ಕಾಣುವುದಿಲ್ಲ. ಅವರಲ್ಲೂ ಉಂಟು.

ಆಗುವುದಿಲ್ಲ ಎಂದರೆ ಒಂದು ಸಾಲು ಬರೆ, ಸಾಕು.

ಇತಿ,
ವಿಮಲಾ


ಸರಸ್ವತೀಪುರಂ, ಮೈಸೂರು
23 ಜೂನ್ 2001

ವಿಮಲಾ,

ಪುಸ್ತಕ ಕಳಿಸು. ಎರಡು ಪ್ರತಿ ಬೇಡ, ಒಂದು ಸಾಕು.

ನಾನು ಹೀಗೆ ಮಾಡುತ್ತೇನೆ. ಬೆಳಿಗ್ಗೆ ಐದೂವರೆಯಿಂದ ಆರೂವರೆ, ಹಾಲಿನವನು ಬರುವ ಮುಂಚೆ, ಓದುತ್ತೇನೆ. ಒಂದು ಪುಟ ಮುಗಿದಾಗ ಪೆನ್ನಿನಿಂದ ಮೇಜಿಗೆ ಒಂದು ಸಲ ತಟ್ಟುತ್ತೇನೆ. ಅವಳು ತಟ್ಟುಗಳನ್ನು ಎಣಿಸಿಕೊಂಡರೆ ಎಷ್ಟನೆಯ ಪುಟದಲ್ಲಿದ್ದಾಳೆ ಎಂದು ತಿಳಿಯುತ್ತದೆ. ಟೀಚರು ಇಂಥ ಪುಟ ತೆಗೆಯಿರಿ ಎಂದಾಗ ಅವಳೂ ತೆಗೆಯಬಹುದು. ಚಿತ್ರಗಳನ್ನು ಬಾಯಲ್ಲಿ ವಿವರಿಸುತ್ತೇನೆ: ಎಡಗಡೆ ಏನಿದೆ, ಬಾಣ ಎತ್ತ ಹೋಗುತ್ತದೆ. ಸಮೀಕರಣಗಳನ್ನು ಎರಡೆರಡು ಸಲ ಓದುತ್ತೇನೆ.

ಅಂಧರ ಸಾಹಿತ್ಯಕ್ಕೆ ಅಂಚೆ ಉಚಿತ ಎಂದು ನಮ್ಮ ಹೆಡ್‌ಮಾಸ್ತರ್ ಹನುಮಂತಯ್ಯನವರು ಹೇಳಿದರು. ಅಂಚೆ ಕಚೇರಿಯಲ್ಲಿ ಕೇಳಿದೆ. ಗುಮಾಸ್ತ ನನ್ನ ಕನ್ನಡಕ ನೋಡಿ, "ಮೇಡಂ, ನಿಮಗೆ ಕಾಣುತ್ತಲ್ಲ" ಎಂದ. ನಿಯಮದ ಪುಸ್ತಕ ತೆಗೆಸಿ ತೋರಿಸಿದೆ.

ನೀನು ಬರೆಯದೆ ಬಿಟ್ಟದ್ದನ್ನು ನಾನೂ ಬರೆಯುವುದಿಲ್ಲ.

ವಾಸಂತಿ


ಕೀಲ್ಪಾಕ್, ಚೆನ್ನೈ
19 ಆಗಸ್ಟ್ 2001

ವಾಸಂತಿ,

ಏಳು ಕ್ಯಾಸೆಟ್ಟುಗಳೂ ಬಂದವು. ಯಾವುದೂ ಒಡೆದಿಲ್ಲ.

ರಚನಾ ಶಾಲೆಯಿಂದ ಬಂದು ಕೈಕಾಲು ತೊಳೆದು ನಿನ್ನನ್ನು ಹಚ್ಚುತ್ತಾಳೆ. ಹಾಗೆಯೇ ಹೇಳುತ್ತಾಳೆ: "ಮಾ, ವಾಸಂತಿ ಆಂಟಿನ ಹಾಕು." ಮೊದಲ ದಿನ ಅರ್ಧ ಗಂಟೆ ಕೇಳಿ, "ಇವರು ನಗೋದೇ ಇಲ್ವಾ?" ಎಂದಳು. ವಿಜ್ಞಾನ ಓದುವಾಗ ಯಾರೂ ನಗುವುದಿಲ್ಲ ಎಂದೆ. "ಇಲ್ಲಮ್ಮ, ಇವರು ಬೇರೆ ಹೊತ್ತಲ್ಲೂ ನಗೋ ಥರ ಇಲ್ಲ. ಬಟ್ ಕ್ಲಿಯರ್ ಆಗಿ ಓದ್ತಾರೆ. ನಿನ್ನ ಥರ ನುಂಗಲ್ಲ."

ತರಗತಿಯಲ್ಲಿ ಗೋದಾಬಾಯಿ ಎಂಬ ವಿಜ್ಞಾನದ ಟೀಚರು ಪುಟ ಹೇಳಿದಾಗ ಇವಳು ಬಟನ್ ಒತ್ತಿ ತಟ್ಟು ಎಣಿಸಿ, ಒಮ್ಮೊಮ್ಮೆ ಉಳಿದವರಿಗಿಂತ ಮೊದಲೇ ಆ ಪುಟಕ್ಕೆ ಹೋಗಿರುತ್ತಾಳಂತೆ. ಹಿಂದಿನ ಬೆಂಚಿನ ಹುಡುಗಿಯರು, "ಏಯ್, ನಿನ್ ಆಂಟಿಯನ್ನ ನಮಗೂ ಬಾಡಿಗೆಗೆ ಕೊಡು" ಎನ್ನುತ್ತಾರಂತೆ.

ಕಳೆದ ವಾರ ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆಸಿದರು. ಶಾಲೆಗೆ ಹತ್ತನೆಯ ತರಗತಿಯಲ್ಲಿ ಹತ್ತು ವರ್ಷದಿಂದ ನೂರಕ್ಕೆ ನೂರು ಫಲಿತಾಂಶ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪ್ರತಿ ವಿಷಯದಲ್ಲೂ ಐವತ್ತು ಬಂದವರನ್ನು ಮಾತ್ರ ಪಬ್ಲಿಕ್ ಪರೀಕ್ಷೆಗೆ ಕಳಿಸುತ್ತಾರೆ. ಉಳಿದವರು ಹೆಸರು ತೆಗೆಸಿಕೊಂಡು ಖಾಸಗಿಯಾಗಿ ಕಟ್ಟಬೇಕು. "ಎಲ್ಲಾರುಕ್ಕುಂ ಒರೇ ರೂಲ್ ಮಾ" ಎಂದರು. ಎಲ್ಲರಿಗೂ ಒಂದೇ ನಿಯಮ. ಅದು ನ್ಯಾಯವೇ. ಹೆಸರು ತೆಗೆಸಿದರೆ ಹನ್ನೊಂದಕ್ಕೆ ಬೇರೆ ಯಾವ ಶಾಲೆಯೂ ಇವಳನ್ನು ತೆಗೆದುಕೊಳ್ಳುವುದಿಲ್ಲ. ಮೂರು ಕಡೆ ಕೇಳಿ ನೋಡಿದ್ದೇನೆ.

ಉಳಿದ ವಿಷಯಗಳ ಭಯವಿಲ್ಲ. ವಿಜ್ಞಾನದಲ್ಲಿ ಚಿತ್ರ ಬರೆಯುವ ಪ್ರಶ್ನೆಗಳಿಗೆ ಹೇಗೂ ಸೊನ್ನೆ. ಅದಕ್ಕೇ ಉಳಿದ ಒಂದು ಪ್ರಶ್ನೆಯನ್ನೂ ಬಿಡುವ ಹಾಗಿಲ್ಲ.

ಎರಡನೆಯ ಭಾಗವನ್ನು ದಸರೆಗೆ ಮುಂಚೆ ಓದಲಾಗುತ್ತದೆಯೇ?

ವಿಮಲಾ


ಸರಸ್ವತೀಪುರಂ, ಮೈಸೂರು
7 ಅಕ್ಟೋಬರ್ 2001

ವಿಮಲಾ,

ಎರಡನೆಯ ಭಾಗ, ಒಂಬತ್ತು ಕ್ಯಾಸೆಟ್ಟು, ಇಂದು ಹೊರಟಿವೆ. ಎಂಟನೆಯದರಲ್ಲಿ ಒಂದು ಕಡೆ ಕುಕ್ಕರ್ ಕೂಗಿದೆ. ಅಳಿಸಿ ಮತ್ತೆ ಓದಲು ಹೊತ್ತಿರಲಿಲ್ಲ.

ಅನುವಂಶೀಯತೆಯ ಅಧ್ಯಾಯಕ್ಕೆ ನಾಲ್ಕು ಬೆಳಗು ಬೇಕಾದವು.

ಜ್ವರ ಬಂದದ್ದು ಎಷ್ಟನೆಯ ವಯಸ್ಸಿನಲ್ಲಿ ಎಂದು ಅವಳಿಗೆ ಹೇಳಿದ್ದೀರಿ?

ವಾಸಂತಿ


ಕೀಲ್ಪಾಕ್, ಚೆನ್ನೈ
5 ಜನವರಿ 2002

ವಾಸಂತಿ,

ನಿನ್ನ ಅಕ್ಟೋಬರಿನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಅದರಲ್ಲಿ ಒಂದು ಪ್ರಶ್ನೆ ಇತ್ತು.

ಅರ್ಧವಾರ್ಷಿಕದ ಅಂಕ ಬಂದಿದೆ. ವಿಜ್ಞಾನದಲ್ಲಿ ನಲವತ್ತನಾಲ್ಕು.

ಹತ್ತು ಅಂಕದ ಒಂದು ಪ್ರಶ್ನೆಯನ್ನು ಅವಳು ಮುಟ್ಟಿಲ್ಲ. ಅವಳು ಹೇಳಿದ್ದನ್ನು ಬರೆಯಲು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಕೊಟ್ಟಿದ್ದರು. ಆ ಹುಡುಗಿ ಪ್ರಶ್ನೆಯನ್ನು ಎರಡು ಸಲ ಓದಿದಳಂತೆ. ರಚನಾ, "ಇದು ನಮಗಿಲ್ಲ, ಮುಂದಿನದು ಓದು" ಎಂದಳಂತೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಅಡಗಿದ ಗುಣಗಳು ಮಕ್ಕಳಲ್ಲಿ ಹೇಗೆ ಕಾಣಿಸಿಕೊಳ್ಳುತ್ತವೆ, ಉದಾಹರಣೆಯೊಂದಿಗೆ ವಿವರಿಸಿ. ಇದು ಪ್ರಶ್ನೆ.

ಗೋದಾಬಾಯಿ ಟೀಚರನ್ನು ಕಂಡೆ. ಆ ಪುಟವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಲಿಲ್ಲವೇ ಎಂದು ಕೇಳಿದೆ. ಅವರು ಮೇಜಿನ ಮೇಲಿನ ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿದರು. ಆಮೇಲೆ ಕನ್ನಡದಲ್ಲೇ ಹೇಳಿದರು, ಅವರೂ ನಮ್ಮ ಕಡೆಯವರು: "ಆಕೆ ಮುಂದಿನ ಬೆಂಚಲ್ಲೇ ಕೂತಿರ್ತಾಳಮ್ಮ. ನಿಮ್ಮನೆ ವಿಷಯ ನನಗೆ ಗೊತ್ತು. ಅವಳೆದುರಿಗೆ ಹೆಂಗೆ ಓದಲಿ? ಮಕ್ಕಳಿಗೆ ನೀವೇ ಓದ್ಕೊಳ್ಳಿ ಅಂದುಬಿಟ್ಟೆ." ಮಕ್ಕಳು ಓದಿಕೊಂಡರು. ನಲವತ್ತೊಂದು ಮಕ್ಕಳು ಸದ್ದಿಲ್ಲದೆ ಒಂದು ಪುಟ ಓದುತ್ತಿದ್ದಾಗ ಅವಳು ಅವರ ನಡುವೆ ಸುಮ್ಮನೆ ಕೂತಿದ್ದಳು.

ರಚನಾ ಮನೆಗೆ ಬಂದು ನಿನ್ನ ಎಂಟನೆಯ ಕ್ಯಾಸೆಟ್ಟು ಹಾಕಿದಳು. ಒಂದು ಕಡೆ ಎರಡು ತಟ್ಟುಗಳಿವೆ. ನಡುವೆ ಏನೂ ಇಲ್ಲ. "ನೂರಾ ಹತ್ತೊಂಬತ್ತು. ನಾನು ಖಾಲಿ ಪುಟ ಅನ್ಕೊಂಡಿದ್ದೆ ಮಾ. ಚಿತ್ರ ಇದ್ರೆ ಆಂಟಿ ಹೇಳ್ತಾರಲ್ಲ. ಏನಿದೆ ಅದರಲ್ಲಿ?"

ನೋಡಿ ಹೇಳುತ್ತೇನೆ ಎಂದೆ. ಪುಸ್ತಕ ವಾಸಂತಿ ಆಂಟಿ ಹತ್ತಿರ ಇದೆಯಲ್ಲ ಎಂದಳು. ಇನ್ನೊಂದು ಪ್ರತಿ ನನ್ನ ಬೀರುವಿನಲ್ಲಿದೆ. ಅದನ್ನು ಅವಳಿಗೆ ಹೇಳಲಿಲ್ಲ.

ಹೆಡ್‌ಮಿಸ್ಟ್ರೆಸ್ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಜನವರಿ ಕೊನೆಗೆ ಪುನರಾವರ್ತನೆಯ ಪರೀಕ್ಷೆ. ಅದರಲ್ಲೂ ಐವತ್ತು ಬರದಿದ್ದರೆ ಹೆಸರು ತೆಗೆಸಬೇಕು.

ಮರೆತದ್ದೋ, ಬಿಟ್ಟದ್ದೋ?

ವಿಮಲಾ


ಸರಸ್ವತೀಪುರಂ, ಮೈಸೂರು
12 ಜನವರಿ 2002

ವಿಮಲಾ,

ಬಿಟ್ಟದ್ದು.

ನಾನು ಪ್ರತಿ ವರ್ಷ ಈ ಪಾಠ ಮಾಡುತ್ತೇನೆ. ಎದುರಿಗೆ ಕೂತವರಲ್ಲಿ ಅರ್ಧ ಮಕ್ಕಳ ಅಪ್ಪ ಅಮ್ಮ ಸಂಬಂಧದವರೇ. ಬೋರ್ಡಿನ ಮೇಲೆ ಚೌಕ, ವೃತ್ತ ಬರೆದು ಗೆರೆ ಎಳೆಯುತ್ತೇನೆ. ನನ್ನ ಕೈ ಯಾವತ್ತೂ ತಡೆದಿಲ್ಲ.

ನಿನಗೆ ನೆನಪಿರಬೇಕು. ಎಂಬತ್ತನಾಲ್ಕರ ಮೇ ತಿಂಗಳು, ನಮ್ಮ ಬಿ.ಎಸ್ಸಿ.ಯ ಕೊನೆಯ ವರ್ಷ, ಮಂಡ್ಯದ ಹಾಸ್ಟೆಲ್ಲಿನ ಮಹಡಿ. ನೀನು ಲಗ್ನಪತ್ರಿಕೆ ತಂದಿದ್ದೆ. ನಾನು ಅದರ ಹಿಂಬದಿಯಲ್ಲಿ ಇದೇ ಚೌಕ, ವೃತ್ತ ಬರೆದೆ. ನಿನ್ನ ಅಜ್ಜಿಗೆ ಕೊನೆಗಾಲದಲ್ಲಿ ಸಂಜೆಯಾದರೆ ಕಣ್ಣು ಕಾಣುತ್ತಿರಲಿಲ್ಲ ಎಂದು ನೀನೇ ಹೇಳಿದ್ದೆ. ಅಲ್ಲಿಂದ ಗೆರೆ ಎಳೆದು ನಿನ್ನ ಹೆಸರಿನವರೆಗೂ, ನಿನ್ನ ಮಾವನ ಹೆಸರಿನವರೆಗೂ ತಂದೆ. ಅವೆರಡನ್ನೂ ಸೇರಿಸಿ ಕೆಳಗೆ ಒಂದು ವೃತ್ತ ಬರೆದು ಅರ್ಧಕ್ಕೆ ಮಸಿ ತುಂಬಿದೆ. ಆಗಬಹುದು, ಆಗದೆಯೂ ಇರಬಹುದು ಎಂದೆ. ನಾನು ಆಗಲೂ ಹೀಗೆಯೇ ಮಾತಾಡುತ್ತಿದ್ದೆ. ನೀನು ಪತ್ರಿಕೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು ಇಳಿದುಹೋದೆ. ಮದುವೆಗೆ ಕರೆಯಲಿಲ್ಲ.

ಅಕ್ಟೋಬರಿನಲ್ಲಿ ಆ ಪುಟ ಬಂದಾಗ ರೆಕಾರ್ಡರ್ ಓಡುತ್ತಿತ್ತು. ಬಾಯಿ ತೆರೆದೆ. ಇದನ್ನು ಒಂದು ಸಲ ತಾಯಿಗೆ ಹೇಳಿ ಆಗಿದೆ, ಈಗ ಅದೇ ಧ್ವನಿಯಲ್ಲಿ ಮಗಳಿಗೂ ಹೇಳಬೇಕೇ ಎನ್ನಿಸಿತು. ಮೂರು ದಿನ ಪ್ರಯತ್ನಿಸಿದೆ. ನಾಲ್ಕನೆಯ ದಿನ ತಟ್ಟಿ ಮುಂದಕ್ಕೆ ಹೋದೆ. ತಟ್ಟದೆ ಹೋಗಿದ್ದರೆ ಮುಂದಿನ ಪುಟಗಳ ಲೆಕ್ಕ ತಪ್ಪುತ್ತಿತ್ತು.

ಅವಳ ಹತ್ತು ಅಂಕ ಹೋದದ್ದು ನನ್ನಿಂದ. ಆ ಪುಟವನ್ನು ಓದಿ ನಾಳೆಯೇ ಕಳಿಸಬಲ್ಲೆ. ನಿನ್ನ ಒಪ್ಪಿಗೆ ಬೇಕು.

ವಾಸಂತಿ


ಕೀಲ್ಪಾಕ್, ಚೆನ್ನೈ
10 ಫೆಬ್ರವರಿ 2002

ವಾಸಂತಿ,

ಕಳಿಸುವುದು ಬೇಡ. ಅವಳಿಗೆ ಆ ಪುಟ ಸಿಕ್ಕಿತು.

ಸಂಕ್ರಾಂತಿಯ ರಜೆ ಮುಗಿದ ವಾರ ಶಾಲೆಗೆ ಒಂದು ಕಂಪ್ಯೂಟರ್ ಬಂತು. ಯಾವುದೋ ಸೇವಾಸಂಸ್ಥೆಯವರು ಕೊಟ್ಟದ್ದು. ಪಕ್ಕದಲ್ಲಿ ಗಾಜಿನ ಹಲಗೆಯ ಒಂದು ಪೆಟ್ಟಿಗೆ. ಪುಸ್ತಕವನ್ನು ಗಾಜಿನ ಮೇಲೆ ಬೋರಲು ಹಾಕಿದರೆ ಒಳಗೆ ಬೆಳಕು ಹರಿದು, ಒಂದೆರಡು ನಿಮಿಷದ ಮೇಲೆ ಯಂತ್ರ ಆ ಪುಟವನ್ನು ಇಂಗ್ಲಿಷಿನಲ್ಲಿ ಓದುತ್ತದೆ. ಗಂಡಸಿನ ಧ್ವನಿ. ತಮಿಳು ಹೆಸರು ಬಂದರೆ ಎಡವುತ್ತದೆ. ಪುಟ ಹಾಕಲು ಯಾರಾದರೂ ಬೇಕು. ಟೀಚರುಗಳಿಗೆ ಬಿಡುವಿಲ್ಲ. ಮಧ್ಯಾಹ್ನ ನೀವೇ ಬನ್ನಿ ಎಂದರು. ಹೋದೆ. ಬೀರುವಿನಲ್ಲಿದ್ದ ಪುಸ್ತಕ ತೆಗೆದುಕೊಂಡು ಹೋದೆ.

ಮೂರು ದಿನ ಬೇರೆ ಪಾಠಗಳನ್ನು ಹಾಕಿದೆ. ನಾಲ್ಕನೆಯ ದಿನ ಅವಳು, "ನೂರಾ ಹತ್ತೊಂಬತ್ತು ಹಾಕು ಮಾ" ಎಂದಳು. ನಾನು ಯಾವ ಪುಟ ಹಾಕಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಪುಟ ಸರಿಯಾಗಿ ಬರುತ್ತಿಲ್ಲ ಎಂದರೂ ಆಗುತ್ತಿತ್ತು. ನಾನು ಅದನ್ನೇ ಹಾಕಿದೆ. ಯಾಕೆ ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ಕೈ ಹಾಕಿತು.

ಕಿವಿಗೆ ಹಾಕಿಕೊಳ್ಳುವ ಸಾಧನ ಇನ್ನೂ ಬಂದಿರಲಿಲ್ಲ. ಯಂತ್ರ ಇಡೀ ಕೋಣೆಗೆ ಕೇಳುವಂತೆ ಓದಿತು. ಸೋದರಮಾವ, ಸೊಸೆ ಎನ್ನುವಲ್ಲಿ ಅದರ ಧ್ವನಿ ಬದಲಾಗಲಿಲ್ಲ. ಕೆಳಗೆ ಉದಾಹರಣೆಗಳ ಪಟ್ಟಿ ಇತ್ತು. ಮೂರನೆಯದು ಇರುಳುಗುರುಡಿನಿಂದ ಶುರುವಾಗಿ ದೃಷ್ಟಿ ಪೂರ್ತಿ ಹೋಗುವ ಒಂದು ಕಾಯಿಲೆ. ಅದನ್ನೂ ಓದಿತು. ರಚನಾ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. "ಇನ್ನೊಂದು ಸಲ" ಎಂದಳು. ಇನ್ನೊಂದು ಸಲ ಓದಿತು. "ಸರಿ. ಮುಂದಿನ ಪುಟ" ಎಂದಳು.

ಪರೀಕ್ಷೆಯಲ್ಲಿ ಅರವತ್ತೊಂದು ಬಂತು. ಆ ಪ್ರಶ್ನೆ ಮತ್ತೆ ಬಂದಿತ್ತು, ಹತ್ತಕ್ಕೆ ಒಂಬತ್ತು ಕೊಟ್ಟಿದ್ದಾರೆ. ಹೆಸರು ತೆಗೆಸುವುದಿಲ್ಲ. ಹಾಲ್ ಟಿಕೆಟ್ಟಿಗೆ ಫೋಟೋ ಕೊಟ್ಟು ಬಂದೆವು. ಮಾವ ಸ್ವೀಟ್ ತಂದರು. ಅವಳು ಒಂದು ತಿಂದಳು.

ಅಂದಿನಿಂದ ಮನೆಯಲ್ಲಿ ಅವಳು ಏನೂ ಕೇಳಿಲ್ಲ. ಊಟಕ್ಕೆ ಬರುತ್ತಾಳೆ, ಸಾರು ಚೆನ್ನಾಗಿದೆ ಎನ್ನುತ್ತಾಳೆ. ನಾನು ಜ್ವರದ ಮಾತು ಎತ್ತಿಲ್ಲ. ಅವಳೂ ಎತ್ತಿಲ್ಲ.

ನಾನೂ ಒಂದು ಹೇಳಬೇಕು. ನನ್ನ ಉಚ್ಚಾರಣೆ ಕೆಟ್ಟದ್ದೇನಲ್ಲ. ಎಂಟು, ಒಂಬತ್ತನೆಯ ತರಗತಿಯ ಪುಸ್ತಕಗಳನ್ನು ನಾನೇ ಓದಿ ತುಂಬಿಸಿದ್ದೆ. ಹತ್ತನೆಯದನ್ನು ತಂದ ದಿನ ಮೊದಲು ಆ ಅಧ್ಯಾಯ ತೆಗೆದು ನೋಡಿದೆ. ಆಮೇಲೆ ನಿನ್ನ ವಿಳಾಸಕ್ಕೆ ಅವ್ವನಿಗೆ ಬರೆದೆ. ನನಗೆ ಹೇಳಿದವಳು ನೀನೊಬ್ಬಳೇ. ಅವಳಿಗೂ ನೀನೇ ಹೇಳಿಬಿಡುತ್ತೀಯೆ ಎಂದುಕೊಂಡಿದ್ದೆ.

ವಿಮಲಾ


ಕೀಲ್ಪಾಕ್, ಚೆನ್ನೈ
24 ಫೆಬ್ರವರಿ 2002

ವಾಸಂತಿ ಆಂಟಿ,

ನಾನು ರಚನಾ. ನನಗೆ ಕನ್ನಡ ಮಾತಾಡೋಕೆ ಬರುತ್ತೆ, ಬರೆಯೋಕೆ ಕಲಿತಿಲ್ಲ. ಅದಕ್ಕೆ ಅಮ್ಮನ ಹತ್ರ ಬರೆಸ್ತಾ ಇದೀನಿ. ಎಕ್ಸಾಮಲ್ಲಿ ಬರೆಯೋರಿಗೆ ಒಂದು ರೂಲ್ ಇದೆ. ಹೇಳಿದ್ದನ್ನ ಮಾತ್ರ ಬರೀಬೇಕು, ಸೇರಿಸೋ ಹಾಗಿಲ್ಲ, ಬಿಡೋ ಹಾಗಿಲ್ಲ. ಅಮ್ಮ ಒಪ್ಪಿದಾಳೆ. ಬರೆದ ಮೇಲೆ ಪಕ್ಕದ ಮನೆ ಗೋಪಿ ಮಾಮಿ ಹತ್ರ ಓದಿಸ್ತೀನಿ ಅಂತಾನೂ ಹೇಳಿದೀನಿ. ಅವರು ಬೆಂಗಳೂರಲ್ಲಿ ಓದಿದವರು, ಕನ್ನಡ ಬರುತ್ತೆ.

ನೀವು ಪುಟ ಬಿಟ್ರಿ ಅಂತ ನನಗೆ ಕೋಪ ಇಲ್ಲ. ಇತ್ತು, ಒಂದು ವಾರ. ಗೋದಾಬಾಯಿ ಮಿಸ್ ಮೇಲೂ ಇತ್ತು. ಕ್ಲಾಸಲ್ಲಿ ಎಲ್ಲರಿಗೂ ಗೊತ್ತಿತ್ತು ಆಂಟಿ. ಪಬ್ಲಿಕ್ ಎಕ್ಸಾಮಿಗೆ ಹೋಗ್ತೀನಿ ಅಂತ ಹೇಳಿದಾಗ ಒಬ್ಬಳು ಅತ್ತುಬಿಟ್ಟಳು. ಯಾಕೆ ಅಂದ್ರೆ, ಆ ಪುಟ ಓದಿದ ದಿನದಿಂದ ನನ್ನ ನೋಡಿದ್ರೆ ಒಂಥರಾ ಆಗ್ತಿತ್ತಂತೆ. ಅಕ್ಟೋಬರ್ ಇಂದ. ನನಗೆ ಮಾತ್ರ ಗೊತ್ತಿರಲಿಲ್ಲ.

ಸಣ್ಣಮ್ಮಜ್ಜಿ ಅಪ್ಪಂಗೆ ಅಕ್ಕ, ಅಮ್ಮಂಗೆ ಅಮ್ಮ. ಚಿಕ್ಕವಳಿದ್ದಾಗ ಇದನ್ನ ನಾನು ಜೋಕ್ ಥರ ಎಲ್ಲರಿಗೂ ಹೇಳ್ತಿದ್ದೆ.

ನನಗೆ ಒಂದೇ ವಿಷಯ ಬೇಕು. ಈ ವಾರ ಅಮ್ಮನ ಕೇಳೋಕೆ ಶುರು ಮಾಡಿದೆ, ಜ್ವರ ಅಂತಾಳೆ, ಇಲ್ಲ ಮಾತು ಬದಲಾಯಿಸ್ತಾಳೆ. ಅಪ್ಪ ಎದ್ದು ಹೋಗ್ತಾರೆ. ನೀವು ಅವಳ ಜೊತೆ ಅದೇ ಸಬ್ಜೆಕ್ಟ್ ಓದಿದೀರ. ಮದುವೆಗೆ ಮುಂಚೆ ಅಮ್ಮಂಗೆ ಇದು ಗೊತ್ತಿತ್ತಾ?

ಅಮ್ಮ ಪೆನ್ ನಿಲ್ಲಿಸಿದಾಳೆ. ಬರಿ ಮಾ. ಅಮ್ಮ ಪೆನ್ ನಿಲ್ಲಿಸಿದಾಳೆ ಅನ್ನೋದನ್ನೂ ಬರಿ.

ಮದುವೆಗೆ ಮುಂಚೆ ಅಮ್ಮಂಗೆ ಇದು ಗೊತ್ತಿತ್ತಾ?

ಉತ್ತರ ಕ್ಯಾಸೆಟ್ಟಲ್ಲಿ ಬೇಡ. ಕಾಗದದಲ್ಲಿ ಕಳಿಸಿ. ಅಮ್ಮ ಓದಿ ಹೇಳ್ತಾಳೆ.

ರಚನಾ


ಸರಸ್ವತೀಪುರಂ, ಮೈಸೂರು
2 ಮಾರ್ಚ್ 2002

ರಚನಾ,

ನಿನ್ನ ಕಾಗದ ಬಂತು. ನೀನು ಹೇಳಿದ್ದನ್ನೆಲ್ಲ ಬರೆದಿದ್ದಾರೆ. ಒಂದು ಕಡೆ ಶಾಯಿ ಸ್ವಲ್ಪ ಹರಡಿದೆ, ಅಕ್ಷರ ಓದಲು ಬರುತ್ತದೆ.

ಮೊದಲು ನಿನ್ನ ಪುಸ್ತಕ ಸರಿಯಾಗಿ ಹೇಳದ ಒಂದು ಮಾತು. ಸಂಬಂಧದಲ್ಲಿ ಮದುವೆಯಾದ ಎಷ್ಟೋ ಮನೆಗಳಲ್ಲಿ ಏನೂ ಆಗುವುದಿಲ್ಲ. ಸಂಬಂಧವೇ ಇಲ್ಲದವರ ಮಕ್ಕಳಲ್ಲೂ ಈ ಕಾಯಿಲೆ ಕಾಣುತ್ತದೆ. ಸಾಧ್ಯತೆ ಹೆಚ್ಚು ಎನ್ನುವುದಷ್ಟೇ ವಿಜ್ಞಾನ. ನಿನ್ನ ವಿಷಯದಲ್ಲಿ ಇದೇ ಕಾರಣ ಎಂದು ಖಚಿತವಾಗಿ ಹೇಳಲು ನನ್ನಿಂದಾಗದು. ಇದು ನನ್ನ ಸಮಾಧಾನಕ್ಕೆ ಬರೆದದ್ದಲ್ಲ, ಪರೀಕ್ಷೆಯಲ್ಲಿ ಬರೆಯಬಹುದು.

ಈಗ ನಿನ್ನ ಪ್ರಶ್ನೆ.

ಗೊತ್ತಿತ್ತು. ಮದುವೆಗೆ ಮೂರು ವಾರ ಮುಂಚೆ ನಾನೇ ಹೇಳಿದೆ, ಚಿತ್ರ ಬರೆದು ತೋರಿಸಿದೆ. ಅವಳು ಅದನ್ನು ಕೊನೆಯವರೆಗೆ ನೋಡಿದಳು. ಅವಳಿಗೆ ಅರ್ಥವಾಯಿತು, ಆ ವಿಷಯದಲ್ಲಿ ತರಗತಿಯಲ್ಲಿ ನನಗಿಂತ ಹೆಚ್ಚು ಅಂಕ ಅವಳದ್ದೇ.

ಹೇಳಿದ ಮೇಲೆ ನಾನು ಅವಳ ಹಿಂದೆ ಮೆಟ್ಟಿಲಿಳಿದು ಹೋಗಲಿಲ್ಲ. ಪತ್ರಿಕೆ ಆಗಲೇ ಅಚ್ಚಾಗಿತ್ತು, ಅವಳಿಗೆ ಇಪ್ಪತ್ತೊಂದು ವರ್ಷ, ಬೇಡ ಎಂದು ಮನೆಯಲ್ಲಿ ಯಾರಿಗೆ ಹೇಳಬಹುದಿತ್ತು ಎಂದು ನಾನು ಕೇಳಲಿಲ್ಲ. ಹೇಳಿದ್ದು ಸರಿ ಎನ್ನುವಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಅವಳು ಮನೆಯಲ್ಲಿ ಬಾಯಿ ತೆರೆದಳೋ ಇಲ್ಲವೋ, ತೆರೆದಿದ್ದರೆ ಯಾರು ಏನೆಂದರೋ, ಅದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಬರೆಯುವುದಿಲ್ಲ.

ಇದನ್ನು ಈಗ ನಿನಗೆ ಓದುತ್ತಿರುವ ಧ್ವನಿ ಅವಳದು. ಇಲ್ಲಿಯವರೆಗೆ ಓದಿದ್ದಾಳೆ ಎಂದರೆ, ಉಳಿದದ್ದನ್ನು ಅವಳನ್ನೇ ಕೇಳು.

ವಾಸಂತಿ